ನನ್ನ ಬಿಲ್ಲೆ ಕಟ್ಟಿಕೊಂಡು ಹೋದ ಲಡಿಗಳು

ಗೂಡಿನಿಂದ ರೇಷ್ಮೆ ಬಿಚ್ಚುವ ಕೆಲಸವನ್ನು ನನಗೆ ಕಲಿಸಿದವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಮಳವಳ್ಳಿಗೆ ಎರಡು ಮೈಲಿ ದೂರದ ಆ ಊರಿಗೆ ಬಂದಾಗ ಅವಳ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ಅಮ್ಮಿ ಎನ್ನುತ್ತಿದ್ದಳು. ಮನೆಯ ಯಜಮಾನಿಕೆ ನನ್ನ ಗಂಡನದಾದರೂ ಹಿತ್ತಿಲು ಅವಳದು.

ಹಿತ್ತಿಲ ಚಪ್ಪರದ ಕೆಳಗೆ ಅವಳ ಒಲೆ, ಒಲೆಯ ಮೇಲೆ ಅಗಲ ಬಾಯಿಯ ತಾಮ್ರದ ಪಾತ್ರೆ, ಅದರಾಚೆ ಮರದ ಚರಕ. ಪಾತ್ರೆಯ ಕುದಿನೀರಿನಲ್ಲಿ ಗೂಡುಗಳು ಹೊರಳಾಡುತ್ತಿದ್ದವು. ಅವಳು ಕಡ್ಡಿಯಿಂದ ಕೆದಕಿ, ಮೇಲೆದ್ದ ಎಳೆಗಳನ್ನು ಬೆರಳಲ್ಲಿ ಬಾಚಿ, ಎಲ್ಲ ಸೇರಿಸಿ ಒಂದು ನೂಲು ಮಾಡಿ ಚರಕಕ್ಕೆ ಕೊಡುತ್ತಿದ್ದಳು. ನಾನು ಚರಕ ತಿರುಗಿಸುತ್ತಿದ್ದೆ. ಎಷ್ಟು ಗೂಡಿನ ಎಳೆ ಸೇರಿತೆಂದು ಅವಳು ಎಣಿಸಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ನೂಲು ಅವಳ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಾದುಹೋಗುತ್ತಿತ್ತು. ಸಣ್ಣಗಾಯಿತು ಎಂದು ಬೆರಳಿಗೆ ಅನ್ನಿಸಿದರೆ ಇನ್ನಷ್ಟು ಎಳೆ ಎಸೆಯುವಳು. ಕಡಿದರೆ ಎರಡು ತುದಿಗಳನ್ನು ಒದ್ದೆ ಬೆರಳಲ್ಲಿ ಹೊಸೆದು ಮುಂದಕ್ಕೆ ಬಿಡುವಳು. ಗಂಟು ಹಾಕುವ ಮಾತೇ ಇರಲಿಲ್ಲ. ನೂಲಿನ ಕಡೆ ನೋಡದೆ, ದಾರಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಲೇ ಅವಳು ಇಷ್ಟನ್ನೂ ಮಾಡುತ್ತಿದ್ದಳು. ಕೊಳ್ಳೇಗಾಲದ ಕಡೆಯಿಂದ ಬರುತ್ತಿದ್ದ ವ್ಯಾಪಾರಿ ಬೇರೆಯವರ ಲಡಿಗಳನ್ನು, ಎಂದರೆ ನೂಲಿನ ಸುತ್ತುಗಳನ್ನು, ಬಿಸಿಲಿಗೆ ಹಿಡಿದು ನೋಡುತ್ತಿದ್ದ, ಎಳೆದು ನೋಡುತ್ತಿದ್ದ. ಅವಳದನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ನಾನು ನೀರಿಗೆ ಕೈ ಹಾಕುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು. ಮೊದಲ ದಿನ ಬೊಬ್ಬೆಯೆದ್ದ ಬೆರಳುಗಳನ್ನು ಅವಳು ತನ್ನ ಅಂಗೈಯಲ್ಲಿ ಹಿಡಿದು ನೋಡಿದಳು.

"ಸುಟ್ಕೋಬೇಕು ಕಣಮ್ಮಿ. ಸುಟ್ಟ ಬೆರಳಿಗೇ ಎಳೆ ತಿಳಿಯೋದು" ಎಂದಳು.

ಯುದ್ಧ ಶುರುವಾಗಿ ಎರಡು ವರ್ಷ ನಮ್ಮೂರಿಗೆ ಅದರ ಬಿಸಿ ತಟ್ಟಿರಲಿಲ್ಲ. ಸೀಮೆಎಣ್ಣೆ ಸಿಗದಾಯಿತು, ಮದ್ದೂರಿಗೆ ಹೋಗುವ ಬಸ್ಸು ಇದ್ದಿಲಿನಲ್ಲಿ ಓಡತೊಡಗಿತು, ಅಷ್ಟೆ. ಮೂರನೆಯ ವರ್ಷ ಶಾನುಭೋಗರು ಮನೆಮನೆಗೆ ಬಂದು ಹೇಳಿಹೋದರು. ರೇಷ್ಮೆಯೆಲ್ಲ ಸರ್ಕಾರಕ್ಕೆ ಬೇಕು, ಆಕಾಶದಿಂದ ಇಳಿಯುವ ಸೈನಿಕರಿಗೆ ಅದರಲ್ಲಿ ಛತ್ರಿ ಮಾಡುತ್ತಾರೆ, ಗೂಡನ್ನು ಅವರು ಹೇಳಿದ ಕಡೆಯೇ ಕೊಡಬೇಕು, ಮನೆಯಲ್ಲಿ ಚರಕ ಆಡಿಸುವ ಹಾಗಿಲ್ಲ. ಚರಕದ ನೂಲು ದಪ್ಪ ಸಣ್ಣ ಆಗುತ್ತದೆ, ಛತ್ರಿಯ ಬಟ್ಟೆಗೆ ಆಗುವುದಿಲ್ಲವಂತೆ.

ಅವರು ಹೋದ ಮೇಲೆ ಅಕ್ಕ ಪಾತ್ರೆಯ ನೀರನ್ನು ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಅಟ್ಟದ ಮೇಲಿಟ್ಟಳು.

ಮಳವಳ್ಳಿಯ ಹೊರಗೆ ತಗಡಿನ ದೊಡ್ಡ ಷೆಡ್ಡೊಂದು ಎದ್ದಿತು. ಅಲ್ಲಿ ಹೊಸ ಯಂತ್ರದಲ್ಲಿ ನೂಲು ಬಿಚ್ಚಲು ಹೆಂಗಸರು ಬೇಕೆಂದು ಹೇಳಿಕಳಿಸಿದರು. ನನ್ನ ಗಂಡ ಒಪ್ಪಲಿಲ್ಲ.

"ಗೌಡ್ರ ಮನೆ ಎಣ್ಣುಮಕ್ಳು ಸೆಡ್ಡಿಗೋಗಿ ದುಡಿಯೋದಾ? ಊರೋರು ಏನಂದಾರು?"

"ಇತ್ಲಲ್ಲಿ ಸುಡೋ ನೀರಿಗೆ ಕೈ ಆಕ್ತಿದ್ನಲ್ಲ ಕಣಪ್ಪ, ಆವಾಗ ಇದು ಗೌಡ್ರ ಮನೆ ಆಗಿರ್ಲಿಲ್ವಾ?" ಎಂದಳು ಅಕ್ಕ.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ರೊಟ್ಟಿ ಕಟ್ಟಿಕೊಂಡು ನಡೆದುಹೋದೆವು.

ಷೆಡ್ಡಿನೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಹಬೆ. ಎರಡು ಸಾಲು ತೊಟ್ಟಿಗಳು, ತೊಟ್ಟಿಗಳಿಗೆ ಕೊಳವೆಯಲ್ಲಿ ಬರುವ ಬಿಸಿ ಹಬೆ, ಮೇಲೆ ಉದ್ದಕ್ಕೂ ಒಂದು ಕಬ್ಬಿಣದ ದಂಡ. ಶಿವನಸಮುದ್ರದ ಕರೆಂಟು ಆ ದಂಡವನ್ನು ತಿರುಗಿಸುತ್ತಿತ್ತು, ದಂಡ ರಾಟೆಗಳನ್ನು ತಿರುಗಿಸುತ್ತಿತ್ತು. ಚರಕ ತಿರುಗಿಸಲು ಯಾರೂ ಬೇಕಾಗಿರಲಿಲ್ಲ. ಬೆಂದ ಹುಳುಗಳ ವಾಸನೆ ನಮಗೆ ಹೊಸದಲ್ಲ. ಆದರೆ ಇಷ್ಟು ಹುಳುಗಳ ವಾಸನೆ ಒಂದೇ ಕಡೆ ನಿಂತಿದ್ದನ್ನು ನಾವು ಕಂಡಿರಲಿಲ್ಲ. ಅಕ್ಕ ಸೆರಗನ್ನು ಮೂಗಿಗೆ ಹಿಡಿದಳು.

ನಮಗೆ ಕಲಿಸಲು ಮೈಸೂರಿನ ಕಡೆಯಿಂದ ಒಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಮೆಲುದನಿ. ಒಂದು ದಿನವೂ ಯಾರನ್ನೂ ಬೈದವರಲ್ಲ. ಅವರು ಹೇಳಿಕೊಟ್ಟದ್ದು ಇಷ್ಟು: ಒಂದು ನೂಲಿಗೆ ಎಂಟು ಗೂಡು, ಏಳೂ ಅಲ್ಲ, ಒಂಬತ್ತೂ ಅಲ್ಲ. ಒಬ್ಬೊಬ್ಬರು ಒಟ್ಟಿಗೆ ನಾಲ್ಕು ನೂಲು ನೋಡಿಕೊಳ್ಳಬೇಕು. ಗೂಡೊಂದು ಮುಗಿದ ಕ್ಷಣವೇ ಹೊಸ ಗೂಡಿನ ಎಳೆ ಎಸೆಯಬೇಕು. ನೂಲು ಪಿಂಗಾಣಿಯ ಸಣ್ಣ ತೂತಿನಲ್ಲಿ ಹಾದುಹೋಗುತ್ತದೆ, ಬೆರಳಲ್ಲಿ ಹಿಡಿಯಕೂಡದು. ಕಡಿದರೆ ಹೊಸೆಯಬಾರದು. ಗಂಟು ಹಾಕಿ, ಉಳಿದ ಬಾಲವನ್ನು ಕತ್ತರಿಯಲ್ಲಿ ಕತ್ತರಿಸಬೇಕು.

"ಕೈಯಲ್ಲಿ ನೋಡಬೇಡಿ ತಾಯಿ, ಕಣ್ಣಲ್ಲಿ ನೋಡಿ" ಎಂದು ಅವರು ಅಕ್ಕನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ನನಗೆ ಇಪ್ಪತ್ತೆರಡು ವರ್ಷ. ಹದಿನೈದು ದಿನದಲ್ಲಿ ಕೈ ಕುದುರಿತು. ಗೋಡೆಯ ಮೇಲಿನ ಬಿಸಿ ತೋರಿಸುವ ಗಡಿಯಾರದಂಥ ಡಬ್ಬಿಯನ್ನು ಓದಲು ಅಂಕಿ ಕಲಿತೆ. ನಾನು ಜೀವನದಲ್ಲಿ ಕಲಿತ ಮೊದಲ ಬರಹ ಅದು. ನನ್ನ ತೊಟ್ಟಿಯ ತಗಡಿನ ಬಿಲ್ಲೆಯ ಮೇಲಿದ್ದ ಹದಿನೇಳನ್ನು ಒಂದು ದಿನ ಮನೆಯ ಗೋಡೆಯ ಮೇಲೆ ಮಸಿಯಲ್ಲಿ ಬರೆದು ಗಂಡನಿಗೆ ತೋರಿಸಿದೆ. ಅವನು ನಕ್ಕ. ಆಮೇಲೆ ಯಾರೂ ಇಲ್ಲದಾಗ ಅವನೂ ಅದರ ಕೆಳಗೆ ಬರೆದು ನೋಡಿದ್ದ.

ಅಕ್ಕನ ತೊಟ್ಟಿ ಹದಿನೆಂಟು, ನನ್ನ ಪಕ್ಕದ್ದೇ. ಅವಳಿಗೆ ಎಂಟು ಎಣಿಸುವುದು ಕಷ್ಟವಾಗಿರಲಿಲ್ಲ. ಎಂಟು ಕಾಣುತ್ತಿರಲಿಲ್ಲ. ಮೂವತ್ತು ವರ್ಷ ಒಲೆಯ ಹೊಗೆಯಲ್ಲಿ ಕೂತ ಕಣ್ಣುಗಳು. ಚರಕದ ಮುಂದೆ ಅವಳು ದಾರಿಹೋಕರ ಜೊತೆ ಮಾತಾಡುತ್ತಾ ನೂಲಿನ ಕಡೆ ನೋಡದೆ ಇದ್ದದ್ದು ಜಾಣತನದಿಂದ ಎಂದು ನಾನು ತಿಳಿದಿದ್ದೆ. ನೋಡಿದರೂ ಕಾಣದು ಎಂಬ ಕಾರಣಕ್ಕೆ ಅವಳು ನೋಡುತ್ತಿರಲಿಲ್ಲ ಎಂದು ಷೆಡ್ಡಿಗೆ ಬಂದ ಮೇಲೆ ಅರ್ಥವಾಯಿತು. ಮೇಷ್ಟ್ರು ಬೆನ್ನು ತಿರುಗಿಸಿದ ಕೂಡಲೇ ಅವಳು ನೀರಿಗೆ ಕೈಹಾಕಿ ಗೂಡುಗಳನ್ನು ತಡವಿ ಎಣಿಸುವಳು. ಅಷ್ಟರಲ್ಲಿ ಆಚೆಯ ನೂಲು ಸಣ್ಣಗಾಗಿರುತ್ತಿತ್ತು. ಕಡಿದ ನೂಲನ್ನು ಹಳೆಯ ರೂಢಿಯಂತೆ ಹೊಸೆದು ಬಿಡುತ್ತಿದ್ದಳು.

"ಗಂಟು ಆಕಕ್ಕ" ಎಂದು ನಾನು ಮೆಲ್ಲಗೆ ಹೇಳುತ್ತಿದ್ದೆ.

"ಆಕ್ದೆ ಕಣಮ್ಮಿ."

ಹಾಕಿರುತ್ತಿರಲಿಲ್ಲ.

ಷೆಡ್ಡಿನ ಒಂದು ತುದಿಯಲ್ಲಿ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಅಲ್ಲಿ ಮೇಷ್ಟ್ರು ಲಡಿಗಳನ್ನು ಪರೀಕ್ಷೆ ಮಾಡುತ್ತಿದ್ದರು. ದಿನಕ್ಕೆ ಒಬ್ಬೊಬ್ಬರದು ಆರು ಲಡಿ, ಅದರಲ್ಲಿ ಎರಡನ್ನು ತೆಗೆದು ನೋಡುವುದು. ನೂಲನ್ನು ಕಪ್ಪು ಹಲಗೆಗೆ ಒತ್ತೊತ್ತಾಗಿ ಸುತ್ತಿ ಒಂದು ದೀಪದ ಕೆಳಗೆ ನಿಲ್ಲಿಸುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ಕರೆದು ತೋರಿಸಿದರು. ಹೊರಗೆ ಬೆಳಕಿನಲ್ಲಿ ಹಾಲಿನಂತೆ ಕಂಡಿದ್ದ ನೂಲು ಅಲ್ಲಿ ಬೇರೆಯೇ ಆಗಿತ್ತು. ಒಂದೊಂದು ಉಬ್ಬು, ಒಂದೊಂದು ಸವಕಲು, ಹೊಸೆದು ಬಿಟ್ಟ ಒಂದೊಂದು ಸಡಿಲ ಬಾಲ ಕಪ್ಪಿನ ಮೇಲೆ ಎದ್ದು ಕಾಣುತ್ತಿತ್ತು. ಬೆಳಿಗ್ಗೆ ಯಾವ ಹೊತ್ತಿನಲ್ಲಿ ನನ್ನ ಮನಸ್ಸು ಬೇರೆಲ್ಲೋ ಹೋಗಿತ್ತು ಎನ್ನುವುದೂ ನನ್ನ ನೂಲಿನ ಹಲಗೆಯ ಮೇಲೆ ಬರೆದಿಟ್ಟ ಹಾಗಿತ್ತು. ಅಕ್ಕ ಪಕ್ಕದ ಇನ್ನೊಂದು ಹಲಗೆಗೆ ಮುಖ ಹತ್ತಿರ ಒಯ್ದು ನೋಡಿದಳು.

"ಚೆಂದಾಗದೆ" ಎಂದಳು.

ಅದು ಅವಳದೇ ನೂಲು. ಮೇಷ್ಟ್ರು ನನ್ನ ಮುಖ ನೋಡಿದರು. ಹೊರಗೆ ಬಂದ ಮೇಲೆ ನನಗೆ ಮಾತ್ರ ಹೇಳಿದರು: "ಇನ್ನು ಹದಿನೈದು ದಿನ ನೋಡ್ತೀನಮ್ಮ. ಹೀಗೇ ಆದರೆ ನಾನು ಅವರನ್ನ ಇಟ್ಟುಕೊಳ್ಳೋ ಹಾಗಿಲ್ಲ."

ಲಡಿಗಳಿಗೆ ತೊಟ್ಟಿಯ ಅಂಕಿಯಿರುವ ಬಿಲ್ಲೆ ಕಟ್ಟುವ ಕೆಲಸವನ್ನು ಇಬ್ಬರದ್ದೂ ನಾನೇ ಮಾಡುತ್ತಿದ್ದೆ, ಅವಳಿಗೆ ಆ ಸಣ್ಣ ದಾರ ಕಾಣದೆಂದು. ಮಾರನೆಯ ದಿನ ನನ್ನ ಆರು ಲಡಿಗಳಲ್ಲಿ ಮೂರನ್ನು ಅವಳ ಬಿಲ್ಲೆಗೆ ಕಟ್ಟಿದೆ. ಅವಳ ಮೂರನ್ನು ನನ್ನ ಬಿಲ್ಲೆಗೆ ಕಟ್ಟಿ, ನನ್ನವನ್ನು ಮೇಲಿಟ್ಟು ಅವಳವನ್ನು ಕೆಳಗೆ ಸೇರಿಸಿದೆ. ಏನೂ ಆಗಲಿಲ್ಲ. ಮೇಷ್ಟ್ರು ಎರಡೂ ಕಟ್ಟುಗಳ ಮೇಲಿನ ಲಡಿಗಳನ್ನು ನೋಡಿ, ಸರಿ ಎಂದು ಮುಂದಕ್ಕೆ ಕಳಿಸಿದರು. ಒಂದು ವಾರ ಕಳೆದ ಮೇಲೆ, "ನಿಮ್ಮಕ್ಕ ಕಲಿತರು ನೋಡಮ್ಮ" ಎಂದರು. ಅವರ ಮುಖದಲ್ಲಿದ್ದ ಸಂತೋಷ ನಿಜವಾದದ್ದು.

ಹೀಗೆ ನಾಲ್ಕು ತಿಂಗಳು ನಡೆಯಿತು. ಕೆಲಸ ಹೆಚ್ಚುತ್ತಾ ಹೋಯಿತು. ಆತಗೂರಿನ ಕಡೆಯಿಂದಲೂ ಗಾಡಿಗಳಲ್ಲಿ ಗೂಡು ಬರತೊಡಗಿತು. ಬೇಗ ಕಳಿಸಿ, ಇನ್ನೂ ಕಳಿಸಿ ಎಂದು ಮೇಲಿನವರ ಒತ್ತಾಯ. ಮೇಷ್ಟ್ರಿಗೆ ಎಲ್ಲವನ್ನೂ ನೋಡಲು ಪುರಸೊತ್ತಿರಲಿಲ್ಲ. ಹದಿನೇಳರ ಬಿಲ್ಲೆ ಕಂಡರೆ, "ಇದನ್ನೇನು ನೋಡೋದು" ಎಂದು ಕಟ್ಟನ್ನು ಬಿಚ್ಚದೆ ಮೂಟೆಗೆ ಹಾಕಿಬಿಡುತ್ತಿದ್ದರು. ಆ ಮಾತು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು. ಮೂಟೆಯೊಳಗೆ ಹೋದ ಮೂರು ಲಡಿಗಳ ವಿಚಾರ ಆ ಹೆಮ್ಮೆಯ ಹೊತ್ತಿನಲ್ಲಿ ನೆನಪಾಗುತ್ತಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ, ನಿಜವಾಗಿ ನೆನಪಾಗುತ್ತಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಮೇಷ್ಟ್ರು ನನ್ನನ್ನು ಕರೆದರು. ಹೊಸದಾಗಿ ಇಪ್ಪತ್ತು ಹೆಂಗಸರು ಬರುತ್ತಾರೆ, ಅವರಿಗೆ ಕಲಿಸುವವಳು ನೀನೇ ಎಂದರು. ಅದಕ್ಕೆ ಮೊದಲು ಒಂದು ವಾರದ ನಿನ್ನ ಲಡಿಗಳನ್ನೆಲ್ಲ ಮಾದರಿ ಎಂದು ಮೈಸೂರಿಗೆ ಕಳಿಸುತ್ತೇನೆ, ಅಲ್ಲಿ ಒಂದೊಂದನ್ನೂ ಬಿಚ್ಚಿ ನೋಡುತ್ತಾರೆ ಎಂದೂ ಹೇಳಿದರು.

ಅವತ್ತು ನಾನು ಬಿಲ್ಲೆ ಕಟ್ಟುವಾಗ ನನ್ನ ಆರನ್ನು ನನ್ನ ಬಿಲ್ಲೆಗೆ ಕಟ್ಟಿದೆ. ಅಕ್ಕನ ಆರನ್ನು ಅಕ್ಕನ ಬಿಲ್ಲೆಗೆ ಕಟ್ಟಿದೆ. ಅವಳು ಪಕ್ಕದಲ್ಲೇ ನಿಂತು ತೊಟ್ಟಿಯ ನೀರು ಬಸಿಯುತ್ತಿದ್ದಳು. ಹೇಳಬಹುದಿತ್ತು. ಅಕ್ಕ, ಇನ್ನು ಆಗಲ್ಲ, ಏನಾದರೂ ಯೋಚನೆ ಮಾಡೋಣ ಎನ್ನಬಹುದಿತ್ತು. ಮೇಷ್ಟ್ರಿಗೇ ಹೇಳಿ, ಗೂಡು ಆರಿಸುವ ಕೆಲಸವನ್ನೋ ಬೇಯಿಸುವ ಕೆಲಸವನ್ನೋ ಅವಳಿಗೆ ಕೊಡಿಸಬಹುದಿತ್ತು. ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ನಾಲ್ಕು ತಿಂಗಳ ಸುಳ್ಳು ಹೊರಗೆ ಬರುತ್ತಿತ್ತು. ನನ್ನ ಹದಿನೇಳಕ್ಕೆ ಮಸಿ ಹತ್ತುತ್ತಿತ್ತು.

ಎಂಟು ದಿನ. ಎಂಟನೆಯ ದಿನ ಮೇಷ್ಟ್ರು ಅಕ್ಕನನ್ನು ಆ ಕೋಣೆಗೆ ಕರೆದರು. ಅವಳು ಹೊರಗೆ ಬಂದಾಗ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ಸಾಕಂತೆ ಕಣಮ್ಮಿ" ಎಂದಳು. "ನಾ ಓಯ್ತೀನಿ. ನೀನು ಮುಗಿಸ್ಕೊಂಡು ಬಾ."

"ನಾನೂ ಬತ್ತೀನಿ ತಡಿ ಅಕ್ಕ."

"ಯಾಕೆ? ನಿನ್ ನೂಲು ತಿರುಗ್ತಾ ಅದೆ ನೋಡು."

ನಿಜವೇ, ನನ್ನ ನಾಲ್ಕೂ ನೂಲು ತಿರುಗುತ್ತಿದ್ದವು. ಒಂದರಲ್ಲಿ ಗೂಡು ಮುಗಿಯುತ್ತಾ ಬಂದಿತ್ತು. ನಾನು ಬಗ್ಗಿ ಹೊಸ ಎಳೆ ಎಸೆದೆ. ತಲೆ ಎತ್ತಿದಾಗ ಅವಳು ಬಾಗಿಲು ದಾಟಿದ್ದಳು. ಹದಿನೆಂಟರ ತೊಟ್ಟಿಯಲ್ಲಿ ಅವಳು ಬಿಟ್ಟುಹೋದ ಗೂಡುಗಳು ಇನ್ನೂ ಕುಣಿಯುತ್ತಿದ್ದವು.

ಮನೆಯಲ್ಲಿ ಆಮೇಲೆ ಮಾತಿಗೆ ಕಡಿಮೆಯಿರಲಿಲ್ಲ. ಅವಳು ಸಿಟ್ಟಾಗಲಿಲ್ಲ, ಊಟ ಬಿಡಲಿಲ್ಲ. ರಾಗಿ ಬೀಸಿದಳು, ದನ ನೋಡಿಕೊಂಡಳು. ಆದರೆ ಹಿತ್ತಿಲ ಚಪ್ಪರದ ಕೆಳಗೆ, ಒಲೆಯಿದ್ದ ಜಾಗದಲ್ಲಿ ಕೂರುವುದು ರೂಢಿಯಾಯಿತು. ಸಂಜೆ ನಾನು ಷೆಡ್ಡಿನಿಂದ ಬರುವಾಗ ದೂರದಿಂದಲೇ ಕಾಣುತ್ತಿದ್ದಳು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜಾಡುತ್ತಿರುತ್ತಿತ್ತು, ನಡುವೆ ಏನೋ ಹಾದುಹೋಗುತ್ತಿರುವ ಹಾಗೆ. ಅವಳಿಗೆ ಅದರ ಪರಿವೆಯಿರಲಿಲ್ಲ. ಮಾತಾಡುವಾಗಲೂ ಅದು ನಿಲ್ಲುತ್ತಿರಲಿಲ್ಲ, ಕಣ್ಣು ಮುಚ್ಚಿ ಗೋಡೆಗೆ ಒರಗಿದಾಗಲೂ ನಿಲ್ಲುತ್ತಿರಲಿಲ್ಲ. ನಾನು ಆ ಕೈಯನ್ನು ನೋಡದೆ ಒಳಗೆ ಹೋಗುವುದನ್ನು ಕಲಿತೆ.

ಷೆಡ್ಡಿನಲ್ಲಿ ನನ್ನ ಹೆಸರು ಬೆಳೆಯಿತು. ಹೊಸಬರಿಗೆ ಕಲಿಸಿದೆ. ಅಂಕಿಯ ನಂತರ ಅಕ್ಷರ ಕಲಿತೆ, ಏಕೆಂದರೆ ಕಲಿಸುವವಳು ಚೀಟಿ ಓದಬೇಕಿತ್ತು. ನಾಲ್ಕು ನೂಲಿನ ಬದಲು ಆರು ನೂಲಿನ ತೊಟ್ಟಿ ಬಂದಾಗ ಮೊದಲು ಕಲಿತವಳು ನಾನು. ಪ್ರತಿ ಹೊಸದರ ಎದುರಿಗೂ ಸಾಲಿನಲ್ಲಿ ಒಬ್ಬಿಬ್ಬರು ಕಣ್ಣು ಕಿರಿದಾಗಿಸಿ ನಿಲ್ಲುತ್ತಿದ್ದರು, ನೀರಿಗೆ ಕೈಹಾಕಿ ತಡವುತ್ತಿದ್ದರು. "ಕೈಯಲ್ಲಿ ನೋಡಬೇಡ, ಕಣ್ಣಲ್ಲಿ ನೋಡು" ಎನ್ನಲು ಬಾಯಿ ತೆರೆದವಳು ಅಷ್ಟಕ್ಕೇ ಬಿಡುತ್ತಿದ್ದೆ. ಅಂಥವರನ್ನು ಮೇಷ್ಟ್ರಿಗೆ ಹೇಳಿ ಗೂಡು ಆರಿಸುವ ಕಡೆಗೆ ಹಾಕಿಸುತ್ತಿದ್ದೆ. ಅಷ್ಟು ಸುಲಭವಿತ್ತು ಅದು. ಒಂದು ಮಾತು ಸಾಕಿತ್ತು.

ಯುದ್ಧ ಮುಗಿಯಿತು. ಮುಗಿದ ಮೇಲಿನ ವರ್ಷ ಬಂಡೂರಿನ ಕಡೆಯವನೊಬ್ಬ ಸೈನ್ಯದಿಂದ ಊರಿಗೆ ಮರಳಿದ. ನಮ್ಮ ಷೆಡ್ಡಿನಲ್ಲಿ ಅವನ ತಂಗಿ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳನ್ನು ನೋಡಲು ಬಂದ. ಬರ್ಮಾದ ಗಡಿಯ ಕಾಡಿನಲ್ಲಿ ಎರಡು ವರ್ಷ ಸಾಮಾನು ಹೊತ್ತಿದ್ದನಂತೆ. ಹೆಂಗಸರೆಲ್ಲ ಹುಣಸೆಮರದ ಕೆಳಗೆ ಅವನ ಸುತ್ತ ಕೂತು, ನಮ್ಮ ಛತ್ರಿ ಕಂಡೆಯಾ ಎಂದು ಕೇಳಿದರು.

"ಕಾಣ್ದೆ ಏನ್ರವ್ವ" ಎಂದ. "ಅವು ಇಲ್ದಿದ್ರೆ ನಾವು ಸತ್ತೋಗ್ತಿದ್ವು. ದಾರಿ ಇಲ್ಲ, ಗಾಡಿ ಇಲ್ಲ. ಅಕ್ಕಿ, ಬ್ಯಾಳೆ, ಔಸ್ದಿ, ಎಲ್ಲ ಆಕಾಸ್ದಿಂದ್ಲೇ. ಇಮಾನ ಬಂತು ಅಂದ್ರೆ ಎಲ್ಲಾರೂ ತಲೆ ಎತ್ಕೊಂಡು ನಿಂತ್ಕೊಳದು. ಬೆಳ್ಳಗೆ ಊವು ಅರಳಿದಂಗೆ ಅರಳೋವು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಾನೂ ನಕ್ಕೆ. ಅವನು ಎಲೆಯಡಿಕೆ ಅಗಿಯುತ್ತಾ ಮುಂದುವರಿಸಿದ.

"ಎಲ್ಲಾವೂ ಅರಳ್ತಿರ್ಲಿಲ್ಲ ಅನ್ನಿ. ಕೆಲವು ಮುದುರ್ಕೊಂಡೇ ಬಂದ್ಬುಡೋವು, ಒದ್ದೆ ಪಂಚೆ ಇಂಡಿದಂಗೆ. ಅಕ್ಕಿ ಮೂಟೆ ಆದ್ರೆ ಒಡ್ಕೊಂಡು ಚೆಲ್ಲೋಗದು, ಬಾಚ್ಕೊತಿದ್ವು. ಒಂದ್ಸಲ ಮನುಸನೇ ಅಂಗೆ ಬಂದ. ಬಿಳೀ ಬಟ್ಟೆ ಅವನ ಮೇಗಡೆ ನೆಟ್ಟಗೆ, ಬತ್ತಿ ಇದ್ದಂಗೆ. ಅವನು ಕೈಯೆತ್ತಿ ಅದನ್ನ ಬುಡಿಸ್ತಾ ಇದ್ದ, ಬುಡಿಸ್ತಾ ಇದ್ದ. ನಮ್ಗೆ ಕಾಣಿಸ್ತಿತ್ತು."

ನಾನು ಕೇಳಿದೆ.

"ಬಟ್ಟೆ ಅರಿದಿತ್ತಾ ಅಣ್ಣ? ನೂಲು ಕಡಿದಿತ್ತಾ?"

"ಯಾರ್ ನೋಡಿದ್ರು ಕಣವ್ವ. ಮಣ್ಣು ಮಾಡಿದ್ವು, ಬಂದ್ವು."

ಊಟದ ಹೊತ್ತು ಮುಗಿದ ಗಂಟೆ ಹೊಡೆದು ಎಲ್ಲರೂ ಎದ್ದರು. ನಾನು ನನ್ನ ಸಾಲಿಗೆ ಹೋಗಿ ನಿಂತೆ. ರಾಟೆಗಳು ತಿರುಗುತ್ತಿದ್ದವು. ತೊಟ್ಟಿಯಲ್ಲಿ ಗೂಡುಗಳು ಕರಗುತ್ತಾ ಒಳಗಿನ ಕಪ್ಪು ಹುಳು ತೆಳು ಪರದೆಯ ಹಿಂದಿನಿಂದ ಕಾಣತೊಡಗಿತ್ತು. ನಾಲ್ಕು ತಿಂಗಳು, ದಿನಕ್ಕೆ ಮೂರು ಲಡಿ. ಅಷ್ಟು ದಿನ ನೆನಪಾಗದ ಆ ಲಡಿಗಳು ಒಂದೊಂದಾಗಿ ಬಂದು ನನ್ನ ಎದುರು ನಿಂತವು. ಅವುಗಳಲ್ಲಿ ಸವೆದ ಜಾಗಗಳಿದ್ದವು, ಗಂಟಿಲ್ಲದೆ ಹೊಸೆದ ತುದಿಗಳಿದ್ದವು. ಅವುಗಳ ಮೇಲೆ ನನ್ನ ಬಿಲ್ಲೆಯಿತ್ತು.

ಎರಡು ದಿನ ತಡೆದು ಮೇಷ್ಟ್ರನ್ನು ಕೇಳಿದೆ. ಕೆಟ್ಟ ನೂಲು ಒಂದು ಬಟ್ಟೆಯಲ್ಲಿ ಸೇರಿಹೋದರೆ ಏನಾಗುತ್ತದೆ ಸ್ವಾಮಿ ಎಂದೆ. ನನ್ನ ಪ್ರಶ್ನೆಯ ಹಿಂದೆ ಸೈನಿಕನ ಮಾತಿದೆ ಎಂದು ಅವರಿಗೆ ತಿಳಿದಿತ್ತು. ಅವರ ಕಿವಿಗೂ ಅದು ಬಿದ್ದಿತ್ತು.

"ಹಾಗೆಲ್ಲ ಹೆದರಬೇಡಮ್ಮ" ಎಂದರು. "ಕೆಟ್ಟ ನೂಲಾದರೆ ಮಗ್ಗದಲ್ಲೇ ಕಡಿದುಹೋಗುತ್ತೆ. ಬಟ್ಟೆಯಾದ ಮೇಲೂ ನೋಡ್ತಾರೆ. ಛತ್ರಿ ಬಿಚ್ಚಿಕೊಳ್ಳದೆ ಇರೋದು ಮಡಿಸಿದ್ದು ಸರಿಯಾಗದೆ, ಹಗ್ಗ ಸಿಕ್ಕಿಕೊಂಡು. ನೂಲಿಂದ ಅಲ್ಲ. ಎಷ್ಟು ಕಡೆ ಪರೀಕ್ಷೆ ಆಗುತ್ತೆ ಗೊತ್ತಾ? ಒಂದೊಂದು ಲಡಿಯನ್ನೂ ನೋಡದೆ ಬಿಡೋದಿಲ್ಲ."

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದರು. ಬಹುಶಃ ಅವರು ಹೇಳಿದ್ದು ನಿಜವೂ ಇರಬೇಕು. ಆದರೆ ಕಡೆಯ ಮಾತು ನಿಜವಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಟ್ಟನ್ನು ಬಿಚ್ಚದೆ ಮೂಟೆಗೆ ಹಾಕಿದ ಕೈ ಅವರದೇ. ಇಲ್ಲಿ ಹಾಗಾದರೆ ಅಲ್ಲೂ ಯಾರೋ ಒಬ್ಬರು, ಮಳವಳ್ಳಿಯ ಮಾಲು ಇದನ್ನೇನು ನೋಡುವುದು ಎಂದಿರಬಹುದಲ್ಲ? ಅದರಾಚೆ ಇನ್ನೊಬ್ಬರು?

ಅಲ್ಲಿಂದ ಮುಂದೆ ಆ ಮನುಷ್ಯ ಬೀಳುವುದು ನನಗೆ ಹಗಲು ಹೊತ್ತಿನಲ್ಲೇ ಕಾಣತೊಡಗಿತು. ಷೆಡ್ಡಿಗೆ ಹೋಗುವ ದಾರಿಯಲ್ಲಿ ಒಂದು ಬೂರುಗದ ಮರವಿತ್ತು. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಗಾಳಿಯಲ್ಲಿ ತೇಲುವುದು. ಒಂದು ಬೆಳಿಗ್ಗೆ ಅದರಡಿ ನಡೆಯುವಾಗ ಬಿಳಿಯದೊಂದು ನನ್ನ ಮುಂದೆ ನೆಟ್ಟಗೆ ಕೆಳಗಿಳಿಯಿತು. ನಾನು ಕಿರುಚಿ ಕೂತುಬಿಟ್ಟೆ. ಜೊತೆಯಲ್ಲಿದ್ದ ಹೆಂಗಸರು ಹಾವು ಎಂದುಕೊಂಡು ಹುಡುಕಿದರು. ಆಮೇಲೆ ನಾನು ಹೊಲದ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದೆ. ಒಗೆದ ಪಂಚೆಯನ್ನು ಗಂಡ ಹಿಂಡುವಾಗ ನಾನು ಒಳಗೆ ಹೋಗುತ್ತಿದ್ದೆ. ಆ ಮನುಷ್ಯನ ಮುಖ ನನಗೆ ಯಾವತ್ತೂ ಕಾಣಲಿಲ್ಲ. ಮೇಲೆತ್ತಿದ ಕೈಗಳು ಮಾತ್ರ ಕಾಣುತ್ತಿದ್ದವು. ಬಿಡಿಸುತ್ತಾ, ಬಿಡಿಸುತ್ತಾ.

ನಲವತ್ತೇಳರ ಹೊತ್ತಿಗೆ ಷೆಡ್ಡಿನ ಅರ್ಧ ತೊಟ್ಟಿಗಳು ನಿಂತವು. ಛತ್ರಿಗೆ ಕೇಳುವವರಿರಲಿಲ್ಲ, ಬೇರೆ ಥರದ ನೂಲು ಹೊರಗಿನಿಂದ ಬರುತ್ತಿದೆ ಎಂದರು. ನನ್ನನ್ನು ಇಟ್ಟುಕೊಂಡರು. ಈಗ ಮನೆಯ ಚರಕಕ್ಕೆ ಅಡ್ಡಿಯಿರಲಿಲ್ಲ. ಸೀರೆ ನೇಯುವವರು ಹಳೆಯ ನೂಲನ್ನು ಮತ್ತೆ ಕೇಳತೊಡಗಿದ್ದರು. ಅಕ್ಕ ಅಟ್ಟದಿಂದ ಪಾತ್ರೆ ಇಳಿಸಿಕೊಂಡಳು. ಪಕ್ಕದ ಮನೆಯ ಸೊಸೆ ಬಂದು ಚರಕ ತಿರುಗಿಸುತ್ತಿದ್ದಳು. ಆ ಹೊತ್ತಿಗೆ ಅಕ್ಕನಿಗೆ ಎದುರಿಗೆ ನಿಂತವರೂ ಮಸುಕು ಮಸುಕು. ನೂಲು ಮಾತ್ರ ಬೆರಳ ನಡುವೆ ಮೊದಲಿನಂತೆಯೇ ಓಡುತ್ತಿತ್ತು.

ಆ ಮಳೆಗಾಲದಲ್ಲಿ ಒಂದು ದಿನ ಷೆಡ್ಡಿಗೆ ರಜ. ಊರೆಲ್ಲ ಬಾವುಟ ಏರಿಸುವುದನ್ನು ನೋಡಲು ಮಳವಳ್ಳಿಗೆ ಹೋಗಿತ್ತು. ಅಕ್ಕ ಗೂಡು ಬೆಂದಿದೆ, ಬಿಡಲಾಗದು ಎಂದಳು. ನಾನು ಅವಳ ಜೊತೆ ಉಳಿದೆ. ಚರಕ ತಿರುಗಿಸುತ್ತಾ, ಅವಳ ಮುಖ ನೋಡದೆ, ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿದೆ. ಬಿಲ್ಲೆ ಬದಲಾಯಿಸಿದ್ದು, ಆಮೇಲೆ ನಿಲ್ಲಿಸಿದ್ದು, ಯಾಕೆ ನಿಲ್ಲಿಸಿದೆ ಎನ್ನುವುದು.

ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ಕಣಮ್ಮಿ" ಎಂದಳು.

"ಎಂಗೆ?"

"ನೀ ಬಿಲ್ಲೆ ಕಟ್ಟಿದ್ಮ್ಯಾಲೆ ಲಡಿ ಎತ್ಕೊಂಡೋಗಿ ಕೊಡ್ತಿದ್ದೋಳು ನಾನಲ್ವಾ? ನನ್ ನೂಲು ಯಾವ್ದು, ನಿನ್ ನೂಲು ಯಾವ್ದು ಅಂತ ಕೈಗೆ ತಿಳಿಯಾಕಿಲ್ವಾ?"

ನಾನು ಚರಕದ ಹಿಡಿಯನ್ನು ಬಿಟ್ಟೆ. "ನಿಲ್ಸಿದ್ದೂ ಗೊತ್ತಾಯ್ತಾ?"

"ಅವತ್ತೇ ಗೊತ್ತಾಯ್ತು."

"ಯಾಕೆ ಕೇಳ್ಲಿಲ್ಲ ಅಕ್ಕ? ಉಗೀಬೋದಾಗಿತ್ತಲ್ಲ ನಂಗೆ."

"ಕೇಳಿ ಏನ್ ಮಾಡ್ಲಿ? ನಿಂಗೆ ಬಂತು, ನಂಗೆ ಬರ್ಲಿಲ್ಲ. ನಾಕ್ ತಿಂಗ್ಳು ನೀ ನನ್ನ ಒತ್ಕೊಂಡಿದ್ದೆ. ಸಾಕಾಯ್ತು, ಇಳಿಸ್ದೆ. ಬುಡು. ತಿರುಗ್ಸು, ನೂಲು ತಣ್ಣಗಾಯ್ತದೆ."

ನಾನು ತಿರುಗಿಸಿದೆ. ಕಣ್ಣೀರು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಎದೆ ಹಗುರವಾಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ ಮಾತು ತೆಗೆದಳು. ಮುಖದಲ್ಲಿ ನಗುವಿತ್ತು.

"ಒಂದ್ ಸಮಾದಾನ ಕಣಮ್ಮಿ. ನನ್ ಬಿಲ್ಲೇಲಿ ಓಗಿದ್ರೆ ವಾಪಸ್ ಬತ್ತಿತ್ತು. ನಿನ್ ಬಿಲ್ಲೇಲಿ ಓಗಿದ್ಕೆ ನನ್ ನೂಲೂ ಯುದ್ದಕ್ಕೆ ಓಯ್ತು. ಯಾವ್ದೋ ತಾಯಿ ಮಗ ಅದ್ರಲ್ಲಿ ಜೋತಾಡ್ಕೊಂಡು ಇಳ್ದು ಬದುಕ್ಕೊಂಡಿರ್ತಾನೆ. ಅಲ್ವಾ?"

ಸೈನಿಕ ಬಂದು ಹೇಳಿಹೋದದ್ದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ನಾನು ಅದನ್ನು ಯಾರ ಹತ್ತಿರವೂ ಆಡಿರಲಿಲ್ಲ. ಅವಳು ಮಸುಕಾದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ ಉತ್ತರಕ್ಕೆ ಕಾಯುತ್ತಿದ್ದಳು. ಪಾತ್ರೆಯಲ್ಲಿ ಗೂಡುಗಳು ಹೊರಳುತ್ತಿದ್ದವು.

"ಬದುಕಿರ್ತಾನೆ ಕಣಕ್ಕ" ಎಂದೆ.

ಅವಳು ಇನ್ನೂ ಒಂಬತ್ತು ವರ್ಷ ಇದ್ದಳು. ಕಡೆಕಡೆಗೆ ಕಣ್ಣು ಪೂರ್ತಿ ಹೋಯಿತು. ಜಗಲಿಯಲ್ಲಿ ಕೂತು, ಬಂದವರಿಗೆಲ್ಲ ತನ್ನ ನೂಲಿನಲ್ಲಿ ಆಕಾಶದಿಂದ ಇಳಿದವನ ಕಥೆ ಹೇಳುತ್ತಿದ್ದಳು. ವರ್ಷ ಕಳೆದ ಹಾಗೆ ಅವನಿಗೆ ಊರು ಬಂತು, ಹೆಂಡತಿ ಬಂದಳು, ಮಕ್ಕಳಾದವು. ಕೇಳಿದವರು ಬೆರಗಾಗುತ್ತಿದ್ದರು, ಕೆಲವರು ನಗುತ್ತಿದ್ದರು. ಅವಳು, "ಬೇಕಾದ್ರೆ ನಮ್ಮಮ್ಮಿನ ಕೇಳಿ, ಅವಳಿಗೆ ಗೊತ್ತು" ಎನ್ನುವಷ್ಟರಲ್ಲಿ ನಾನು ಎದ್ದು ಒಳಗೆ ಹೋಗಿರುತ್ತಿದ್ದೆ.